ಒಕ್ಕಣೆಯಲ್ಲಿ ಉಳಿದ ಕಾಳು: ಸಾಂದ್ರ ಕುಬ್ಜ ಗ್ಯಾಲಕ್ಸಿಗಳು ಎಲ್ಲಿಂದ ಬಂದವು?

ಪ್ರಶ್ನೆ: ಸರ್, ನಾನು ಬೇಲೂರಿನವಳು. ಹಾಸನದಲ್ಲಿ ಬಿ.ಎಸ್ಸಿ. ಅಂತಿಮ ವರ್ಷದಲ್ಲಿ ಓದುತ್ತಿದ್ದೇನೆ. ಸಾಂದ್ರ ಕುಬ್ಜ ಗ್ಯಾಲಕ್ಸಿಗಳ ಬಗ್ಗೆ ಓದಿದಷ್ಟೂ ಗೊಂದಲವಾಗುತ್ತಿದೆ. ಅವು ದೊಡ್ಡ ಗ್ಯಾಲಕ್ಸಿಗಳ ಅವಶೇಷ ಎಂದು ಒಂದು ಕಡೆ ಇದೆ. ಬರೀ ದೊಡ್ಡ ನಕ್ಷತ್ರಗುಚ್ಛಗಳು ಎಂದು ಇನ್ನೊಂದು ಕಡೆ. ಅನಿಲ ತುಂಬಿಕೊಂಡು ಈಗಷ್ಟೇ ನಕ್ಷತ್ರ ಹುಟ್ಟಿಸುತ್ತಿರುವ ಗ್ಯಾಲಕ್ಸಿಗಳು ಎಂದು ಮತ್ತೊಂದು ಕಡೆ. ಯಾವುದು ಸರಿ? ಅವು ಮುಂದೆ ಏನಾಗುತ್ತವೆ? ಸಾಲಗಾಮೆ ರಸ್ತೆಯ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನ ದೊಡ್ಡ ಡಿಶ್‌ಗಳಿಂದ ಇಂಥವನ್ನು ನೋಡುತ್ತಾರೆಯೇ? ನಮ್ಮ ಕಡೆಯಿಂದ ಒಂದಾದರೂ ಕಾಣುತ್ತದೆಯೇ? ಪ್ರಾಜೆಕ್ಟ್‌ಗೆ ಈ ವಿಷಯ ಆಗಬಹುದೇ?

ಉತ್ತರ: ನೀವು ಓದಿದ ಮೂರೂ ಸರಿ. ಬೇರೆ ಬೇರೆ ದಾರಿಯಲ್ಲಿ ಬಂದ ವಸ್ತುಗಳನ್ನು ಗಾತ್ರ ನೋಡಿ ಒಂದೇ ಹೆಸರಿನ ಕೆಳಗೆ ಕೂರಿಸಿದ್ದೇ ಈ ಗೊಂದಲದ ಮೂಲ. ಒಂದು ಗ್ಯಾಲಕ್ಸಿ ಚಿಕ್ಕದಾಗಿ, ಒತ್ತೊತ್ತಾಗಿ ಕಂಡರೆ ಅದು ಹುಟ್ಟಿದ್ದೇ ಹಾಗೋ, ಸುಲಿದು ಹಾಗಾಯಿತೋ ಎಂಬುದು ಅದರ ಅಳತೆಯಿಂದ ತಿಳಿಯುವುದಿಲ್ಲ. ಅದಕ್ಕೆ ಎರಡು ಸಾಕ್ಷಿಗಳನ್ನು ಕೇಳಬೇಕು: ಅದರ ನಕ್ಷತ್ರಗಳಲ್ಲಿರುವ ಲೋಹಾಂಶ ಮತ್ತು ಅದರ ನಡುವೆ ಕುಳಿತಿರುವ ಕಪ್ಪುರಂಧ್ರ. ಈ ಉತ್ತರದ ಬಹುಪಾಲು ಆ ಸಾಕ್ಷಿಗಳ ಬಗ್ಗೆಯೇ.

ಮೊದಲು ಹೆಸರುಗಳನ್ನು ಬೇರ್ಪಡಿಸಿಕೊಳ್ಳೋಣ. ‘ಅತಿ ಸಾಂದ್ರ ಕುಬ್ಜ’ (ಇಂಗ್ಲಿಷಿನ ಕಿರುಹೆಸರು ಯುಸಿಡಿ) ಎನ್ನುವುದು ನೂರಾರು ಜ್ಯೋತಿರ್ವರ್ಷದೊಳಗೆ ಹತ್ತಾರು ಲಕ್ಷದಿಂದ ಹತ್ತಾರು ಕೋಟಿ ಸೂರ್ಯರಷ್ಟು ದ್ರವ್ಯ ತುಂಬಿಕೊಂಡಿರುವ ಮುದಿ ನಕ್ಷತ್ರಗಳ ಮುದ್ದೆ. ‘ಸಾಂದ್ರ ದೀರ್ಘವೃತ್ತೀಯ’ ಗ್ಯಾಲಕ್ಸಿ ಅದಕ್ಕಿಂತ ಒಂದು ಹಂತ ದೊಡ್ಡದು. ಆಂಡ್ರೊಮೀಡಾ ಗ್ಯಾಲಕ್ಸಿಯ ಪಕ್ಕದಲ್ಲಿರುವ ಎಂ32 ಇದರ ಮಾದರಿ. ‘ನೀಲಿ ಸಾಂದ್ರ ಕುಬ್ಜ’ ಬೇರೆಯೇ ಕುಲ. ಅದರಲ್ಲಿ ಅನಿಲ ಧಾರಾಳವಾಗಿದೆ, ನಕ್ಷತ್ರಗಳು ಈಗಲೂ ಹುಟ್ಟುತ್ತಿವೆ. ನೀವು ಮೂರನೆಯ ಕಡೆ ಓದಿದ್ದು ಇದರ ಬಗ್ಗೆ. ಅದನ್ನು ಕೊನೆಗಿಟ್ಟುಕೊಳ್ಳುತ್ತೇನೆ.

ಅತಿ ಸಾಂದ್ರ ಕುಬ್ಜಗಳು ಬೆಳಕಿಗೆ ಬಂದದ್ದು ತೀರ ಇತ್ತೀಚೆಗೆ, 1990ರ ದಶಕದ ಕೊನೆಯಲ್ಲಿ. ಅಲ್ಲಿಯವರೆಗೂ ಅವು ಕಣ್ಣೆದುರೇ ಇದ್ದವು, ಫೋಟೊಗಳಲ್ಲೂ ಇದ್ದವು. ಎಲ್ಲರೂ ಅವನ್ನು ನಮ್ಮ ಕ್ಷೀರಪಥದ ಸಾಮಾನ್ಯ ನಕ್ಷತ್ರಗಳೆಂದು ಪಕ್ಕಕ್ಕಿಟ್ಟಿದ್ದರು. ಯಾಕೆ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಫೋರ್ನ್ಯಾಕ್ಸ್ ಎಂಬ ಗ್ಯಾಲಕ್ಸಿ ಸಮೂಹ ನಮ್ಮಿಂದ ಸುಮಾರು 6.2 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ಅಲ್ಲಿ 100 ಜ್ಯೋತಿರ್ವರ್ಷ ಅಗಲದ ವಸ್ತುವೊಂದಿದ್ದರೆ ಅದು ನಮಗೆ ಕಾಣುವ ಕೋನ ಒಂದು ಆರ್ಕ್‌ಸೆಕೆಂಡಿನ ಮೂರನೇ ಒಂದು ಭಾಗ (ಒಂದು ಡಿಗ್ರಿಯನ್ನು 3,600 ಪಾಲು ಮಾಡಿದರೆ ಒಂದು ಪಾಲೇ ಆರ್ಕ್‌ಸೆಕೆಂಡ್). ನೆಲದ ಮೇಲಿನ ದೂರದರ್ಶಕದಲ್ಲಿ ಗಾಳಿಯ ಕಂಪನದಿಂದಲೇ ಪ್ರತಿ ನಕ್ಷತ್ರವೂ ಸುಮಾರು ಒಂದು ಆರ್ಕ್‌ಸೆಕೆಂಡಿನಷ್ಟು ಹರಡಿಕೊಳ್ಳುತ್ತದೆ. ಕೋಟ್ಯಂತರ ನಕ್ಷತ್ರಗಳಿರುವ ಗ್ಯಾಲಕ್ಸಿಯೂ ಒಂಟಿ ನಕ್ಷತ್ರವೂ ಅಲ್ಲಿ ಒಂದೇ ಬಗೆಯ ಚುಕ್ಕೆ.

1999ರಲ್ಲಿ ಮೈಕೆಲ್ ಹಿಲ್ಕರ್ ಮತ್ತು ಸಂಗಡಿಗರು ಇಂಥ ಎರಡು ಚುಕ್ಕೆಗಳು ಫೋರ್ನ್ಯಾಕ್ಸ್ ಸಮೂಹಕ್ಕೇ ಸೇರಿದವು ಎಂದು ತೋರಿಸಿದರು. ಅದೇ ಹೊತ್ತಿಗೆ ಮೈಕೆಲ್ ಡ್ರಿಂಕ್‌ವಾಟರ್ ಅವರ ತಂಡ ಆಸ್ಟ್ರೇಲಿಯಾದ ಸೈಡಿಂಗ್ ಸ್ಪ್ರಿಂಗ್‌ನಲ್ಲಿರುವ 3.9 ಮೀಟರ್ ದೂರದರ್ಶಕಕ್ಕೆ ಒಂದೇ ಬಾರಿಗೆ 400 ವಸ್ತುಗಳ ರೋಹಿತ (ಬಣ್ಣಗಳಾಗಿ ಬಿಡಿಸಿದ ಬೆಳಕು; ಅದರ ಗೆರೆಗಳು ಎಷ್ಟು ಜರುಗಿವೆ ಎಂಬುದರಿಂದ ವೇಗ ತಿಳಿಯುತ್ತದೆ) ತೆಗೆಯುವ ಟುಡಿಎಫ್ ಉಪಕರಣವನ್ನು ಜೋಡಿಸಿಕೊಂಡು ಆ ಭಾಗದ ಆಕಾಶವನ್ನು ಜಾಲಾಡಿತು. ಇಲ್ಲಿ ಅವರ ಹಟ ಮೆಚ್ಚುವಂಥದ್ದು. ಗ್ಯಾಲಕ್ಸಿಗಳ ಸಮೀಕ್ಷೆ ಮಾಡುವವರು ಸಾಮಾನ್ಯವಾಗಿ ನಕ್ಷತ್ರದಂತೆ ಕಾಣುವುದನ್ನೆಲ್ಲ ಮೊದಲೇ ಬಿಟ್ಟುಬಿಡುತ್ತಾರೆ, ದೂರದರ್ಶಕದ ಸಮಯ ಅಷ್ಟು ದುಬಾರಿ. ಇವರು ನಕ್ಷತ್ರ, ಗ್ಯಾಲಕ್ಸಿ ಎಂಬ ಭೇದವಿಲ್ಲದೆ ಸಿಕ್ಕಿದ ಚುಕ್ಕೆಗಳನ್ನೆಲ್ಲ ಅಳೆದರು. ನಮ್ಮ ಗ್ಯಾಲಕ್ಸಿಯ ನಕ್ಷತ್ರವಾದರೆ ಅದರ ವೇಗ ಸೆಕೆಂಡಿಗೆ ಹೆಚ್ಚೆಂದರೆ ಕೆಲವು ನೂರು ಕಿಲೋಮೀಟರ್. ಕೆಲವು ಚುಕ್ಕೆಗಳ ವೇಗ 1,500 ಕಿಲೋಮೀಟರಿನ ಆಸುಪಾಸಿಗೆ ಬಂತು. ಅಂದರೆ 517 ನ್ಯಾನೊಮೀಟರ್ ಬಳಿ ಇರಬೇಕಾದ ಮೆಗ್ನೀಸಿಯಂ ಗೆರೆಗಳು ಸುಮಾರು ಎರಡೂವರೆ ನ್ಯಾನೊಮೀಟರಿನಷ್ಟು ಕೆಂಪಿನ ಕಡೆಗೆ ಜರುಗಿದ್ದವು. ಅದು ಫೋರ್ನ್ಯಾಕ್ಸ್ ಸಮೂಹದ್ದೇ ವೇಗ. ಹಾಗೆ 2000ದ ಹೊತ್ತಿಗೆ ಐದು ಸಿಕ್ಕವು; ಆಮೇಲೆ ಕನ್ಯಾ ಸಮೂಹದಲ್ಲಿ, ಇನ್ನೂ ದೂರದ ಸಮೂಹಗಳಲ್ಲಿ ಹುಡುಕಿದಲ್ಲೆಲ್ಲ ಸಿಗುತ್ತ ಹೋದವು.

ಇವುಗಳ ಒಳಗಿನ ಇಕ್ಕಟ್ಟು ಎಷ್ಟು ಎಂದು ತಿಳಿಯಲು ಒಂದನ್ನೇ ಹತ್ತಿರದಿಂದ ನೋಡೋಣ. ಕನ್ಯಾ ಸಮೂಹದಲ್ಲಿ ಎಂ60 ಎಂಬ ದೈತ್ಯ ಗ್ಯಾಲಕ್ಸಿಯ ಪಕ್ಕದಲ್ಲಿ ಎಂ60-ಯುಸಿಡಿ1 ಇದೆ, ನಮ್ಮಿಂದ ಸುಮಾರು 5.4 ಕೋಟಿ ಜ್ಯೋತಿರ್ವರ್ಷ ದೂರ. ಅದರ ಒಟ್ಟು ದ್ರವ್ಯ ಸುಮಾರು 14 ಕೋಟಿ ಸೂರ್ಯರಷ್ಟು, ಅದರಲ್ಲಿ 2.1 ಕೋಟಿ ಕಪ್ಪುರಂಧ್ರದ್ದು. ಉಳಿದ 12 ಕೋಟಿಯಲ್ಲಿ ಅರ್ಧ, ಅಂದರೆ 6 ಕೋಟಿ ಸೂರ್ಯರಷ್ಟು ನಕ್ಷತ್ರಗಳು ಸುಮಾರು 80 ಜ್ಯೋತಿರ್ವರ್ಷ ತ್ರಿಜ್ಯದ ಗೋಳದೊಳಗಿವೆ. ಆ ಗೋಳದ ಗಾತ್ರ ನೀವೇ ಕಟ್ಟಿ ನೋಡಿ: ಸುಮಾರು 21 ಲಕ್ಷ ಘನ ಜ್ಯೋತಿರ್ವರ್ಷ. ಭಾಗಿಸಿದರೆ ಪ್ರತಿ ಘನ ಜ್ಯೋತಿರ್ವರ್ಷಕ್ಕೆ 28 ಸೂರ್ಯರು. ನಮ್ಮ ಸೂರ್ಯನ ಸುತ್ತಮುತ್ತ 250 ಘನ ಜ್ಯೋತಿರ್ವರ್ಷ ಹುಡುಕಿದರೆ ಸರಾಸರಿ ಒಂದು ನಕ್ಷತ್ರ ಸಿಗುತ್ತದೆ. ಏಳು ಸಾವಿರ ಪಟ್ಟು ವ್ಯತ್ಯಾಸ! ಇದೂ ಸರಾಸರಿ ಮಾತ್ರ, ನಡುಭಾಗದಲ್ಲಿ ಇನ್ನೂ ಹೆಚ್ಚು. ಅಲ್ಲಿ ಯಾವುದಾದರೂ ಗ್ರಹದ ಮೇಲೆ ನಿಂತು ನೋಡಿದರೆ ಬರಿಗಣ್ಣಿಗೆ ಹತ್ತು ಲಕ್ಷ ನಕ್ಷತ್ರಗಳು ಕಾಣಬಹುದೆಂದು ಅಂದಾಜು. ನಮಗೆ ಒಳ್ಳೆಯ ಕತ್ತಲಲ್ಲಿ ಕಾಣುವುದು ಸುಮಾರು ನಾಲ್ಕು ಸಾವಿರ.

ಆದರೆ ನನ್ನನ್ನು ಕೇಳಿದರೆ ಈ ಗ್ಯಾಲಕ್ಸಿಯ ನಿಜವಾದ ಸೋಜಿಗ ಆ ಕಪ್ಪುರಂಧ್ರ. ಅನಿಲ್ ಸೇಥ್ ಮತ್ತು ಸಂಗಡಿಗರು ಹವಾಯಿಯ ಜೆಮಿನಿ ನಾರ್ತ್ ದೂರದರ್ಶಕದಿಂದ, ಗಾಳಿಯ ಕಂಪನವನ್ನು ಕ್ಷಣಕ್ಷಣಕ್ಕೂ ಸರಿಪಡಿಸುವ ಕನ್ನಡಿ ಬಳಸಿ, ಅದರ ನಡುಭಾಗದ ನಕ್ಷತ್ರಗಳ ವೇಗವನ್ನು ಅಳೆದು 2014ರಲ್ಲಿ ಇದನ್ನು ಪ್ರಕಟಿಸಿದರು. ಒಟ್ಟು ದ್ರವ್ಯದ ಶೇಕಡಾ 15 ಕಪ್ಪುರಂಧ್ರದಲ್ಲಿದೆ. ನಮ್ಮ ಕ್ಷೀರಪಥದ ಕಪ್ಪುರಂಧ್ರ ಸುಮಾರು 43 ಲಕ್ಷ ಸೂರ್ಯರಷ್ಟು ಮಾತ್ರ, ಇಡೀ ಗ್ಯಾಲಕ್ಸಿಯ ನಕ್ಷತ್ರದ್ರವ್ಯದ ಶೇಕಡಾ 0.01ರಷ್ಟೂ ಇಲ್ಲ. ಕ್ಷೀರಪಥದ ನೂರರಲ್ಲೊಂದು ಪಾಲೂ ಇಲ್ಲದ ಗ್ಯಾಲಕ್ಸಿಗೆ ಅದರ ಐದು ಪಟ್ಟು ದೊಡ್ಡ ಕಪ್ಪುರಂಧ್ರ ಬಂದದ್ದು ಹೇಗೆ? ಅಲ್ಲೇ ಬೆಳೆಯಿತು ಎನ್ನುವುದು ನಂಬುವ ಮಾತಲ್ಲ. ಅಷ್ಟು ದೊಡ್ಡ ಕಪ್ಪುರಂಧ್ರ ಸಾಮಾನ್ಯವಾಗಿ ಇರುವುದು ಸಾವಿರ ಕೋಟಿ ಸೂರ್ಯರಷ್ಟು ದ್ರವ್ಯವಿರುವ ಗ್ಯಾಲಕ್ಸಿಯಲ್ಲಿ. ಅಂದರೆ ಈಗ ಕಾಣುತ್ತಿರುವುದು ಆ ಗ್ಯಾಲಕ್ಸಿಯ ನಡುವಿನ ತಿರುಳು. ಮಿಕ್ಕದ್ದು ಎಲ್ಲೋ ಹೋಗಿದೆ.

ಹೋದದ್ದು ಎಲ್ಲಿಗೆ, ಹೇಗೆ? ಕೆಂಜಿ ಬೆಕ್ಕಿ, ವಾರಿಕ್ ಕೌಚ್ ಮತ್ತು ಡ್ರಿಂಕ್‌ವಾಟರ್ 2001ರಲ್ಲಿ ಕಂಪ್ಯೂಟರ್ ಮಾದರಿಗಳಿಂದ ಇದನ್ನು ತೋರಿಸಿ ಆ ಕ್ರಿಯೆಗೆ ಒಕ್ಕಣೆ ಎಂದೇ ಹೆಸರಿಟ್ಟರು. ಹಾಸನದವರಿಗೆ ಬಿಡಿಸಿ ಹೇಳಬೇಕಿಲ್ಲ. ಸುಗ್ಗಿ ಮುಗಿದ ಮೇಲೆ ಅರಸೀಕೆರೆ ಕಡೆ ಹೋಗುವಾಗ ಡಾಂಬರು ರಸ್ತೆಯ ತುಂಬ ರಾಗಿ, ಹುರುಳಿ ಹರಡಿರುವುದನ್ನು ನೀವೂ ನೋಡಿರುತ್ತೀರಿ. (ಬೈಕಿನವರಿಗೆ ಅದರ ಕಷ್ಟ ಬೇರೆ.) ಒಂದೇ ಗಾಲಿಗೆ ಕಾಳು ಬಿಡುವುದಿಲ್ಲ, ಬಸ್ಸು, ಲಾರಿ, ಟ್ರ್ಯಾಕ್ಟರ್ ಒಂದರ ಹಿಂದೆ ಒಂದು ಹಾಯ್ದು ಹಾಯ್ದು ಹುಲ್ಲು ಬೇರೆ, ಕಾಳು ಬೇರೆ ಆಗುತ್ತದೆ. ನಡುವೆ ಗಟ್ಟಿ ತಿರುಳಿರುವ ಒಂದು ಗ್ಯಾಲಕ್ಸಿ ದೈತ್ಯ ಗ್ಯಾಲಕ್ಸಿಯ ಸುತ್ತ ಉದ್ದುದ್ದ ಕಕ್ಷೆಯಲ್ಲಿ ತಿರುಗುತ್ತ ಪ್ರತಿ ಸುತ್ತಿನಲ್ಲೂ ಒಮ್ಮೆ ಅದರ ಹತ್ತಿರ ಹಾಯುತ್ತದೆ. ಪ್ರತಿ ಸಲವೂ ಹೊರಗಿನ ಪದರ ಒಂದಿಷ್ಟು ಕಳಚುತ್ತದೆ. ನೂರಾರು ಕೋಟಿ ವರ್ಷಗಳಲ್ಲಿ ಹುಲ್ಲೆಲ್ಲ ಚೆದುರಿ ಕಾಳು ಉಳಿಯುತ್ತದೆ. ಹೋಲಿಕೆ ಇಷ್ಟಕ್ಕೇ ನಿಲ್ಲಲಿ, ಏಕೆಂದರೆ ಇಲ್ಲಿ ತುಳಿಯುವ ಗಾಲಿ ಯಾವುದೂ ಇಲ್ಲ. ಕೆಲಸ ಮಾಡುವುದು ಉಬ್ಬರಬಲ.

ಚಂದ್ರನಿಂದ ಮಂಗಳೂರಿನ ಕಡಲು ಉಬ್ಬುತ್ತದಲ್ಲ, ಅದೇ ಬಲ. ದೈತ್ಯನ ಸೆಳೆತ ಚಿಕ್ಕ ಗ್ಯಾಲಕ್ಸಿಯ ಹತ್ತಿರದ ಬದಿಯ ಮೇಲೆ ಹೆಚ್ಚು, ದೂರದ ಬದಿಯ ಮೇಲೆ ಕಡಿಮೆ. ಈ ವ್ಯತ್ಯಾಸವೇ ಅದನ್ನು ಎರಡೂ ಕಡೆಗೆ ಎಳೆಯುತ್ತದೆ. ಸೆಳೆತ ದೂರದ ವರ್ಗಕ್ಕೆ ತಕ್ಕಂತೆ ಇಳಿದರೆ ಉಬ್ಬರಬಲ ದೂರದ ಘನಕ್ಕೆ ತಕ್ಕಂತೆ ಇಳಿಯುತ್ತದೆ. ಹಾಗಾಗಿ ದುಂಡನೆಯ ಕಕ್ಷೆಯಲ್ಲಿ ದೂರವೇ ಉಳಿದ ಗ್ಯಾಲಕ್ಸಿ ಬಚಾವಾಗುತ್ತದೆ; ಉದ್ದನೆಯ ಕಕ್ಷೆ ಹಿಡಿದು ಒಳಗೆ ನುಗ್ಗಿದ್ದು ಸಿಕ್ಕಿಬೀಳುತ್ತದೆ. ಪರೀಕ್ಷೆಗೂ ಸಂಶೋಧನೆಗೂ ಉಪಯೋಗಕ್ಕೆ ಬರುವ ಸೂತ್ರ ಇದು: ಚಿಕ್ಕ ಗ್ಯಾಲಕ್ಸಿಯ ಯಾವ ಭಾಗದ ಸಾಂದ್ರತೆ, ಅದರ ಕಕ್ಷೆಯ ಒಳಗಿರುವ ದೈತ್ಯನ ಸರಾಸರಿ ಸಾಂದ್ರತೆಗಿಂತ ಹೆಚ್ಚೋ ಆ ಭಾಗ ಉಳಿಯುತ್ತದೆ, ಕಡಿಮೆಯಿದ್ದದ್ದು ಕಳಚುತ್ತದೆ. ದ್ರವ್ಯ ಎಷ್ಟಿದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ, ಎಷ್ಟು ಒತ್ತಾಗಿದೆ ಎಂಬುದಷ್ಟೇ. ತೆಳುವಾಗಿ ಹರಡಿರುವ, ಬೆಳಕು ಬೀರದ ಕಪ್ಪು ದ್ರವ್ಯ ಮೊದಲು ಹೋಗುತ್ತದೆ, ಆಮೇಲೆ ಹೊರಗಿನ ನಕ್ಷತ್ರಗಳು. ನಡುವಿನ ತಿರುಳು ಅಲುಗಾಡುವುದಿಲ್ಲ, ಅದರೊಳಗಿನ ಕಪ್ಪುರಂಧ್ರವಂತೂ ಕೇಳುವುದೇ ಬೇಡ. ಶೇಕಡಾ 15ರ ಒಗಟು ಹೀಗೆ ಬಿಡಿಸಿಕೊಳ್ಳುತ್ತದೆ: ಕಪ್ಪುರಂಧ್ರ ಬೆಳೆಯಲಿಲ್ಲ, ಮನೆ ಕರಗಿತು.

ಇನ್ನು ಎರಡನೆಯ ಸಾಕ್ಷಿ, ಲೋಹಾಂಶ. ಖಗೋಳ ವಿಜ್ಞಾನಿಗಳಿಗೆ ಹೀಲಿಯಂಗಿಂತ ಭಾರವಾದದ್ದೆಲ್ಲ ಲೋಹವೇ, ಆಮ್ಲಜನಕವೂ ಸೇರಿ. ರಸಾಯನಶಾಸ್ತ್ರದ ಮೇಷ್ಟ್ರುಗಳು ಕ್ಷಮಿಸಬೇಕು. ಈ ಲೋಹಗಳು ನಕ್ಷತ್ರಗಳ ಒಳಗೆ ತಯಾರಾಗಿ ಸೂಪರ್‌ನೋವಾ ಸ್ಫೋಟದಲ್ಲಿ ಹೊರಬೀಳುತ್ತವೆ. ಚಿಕ್ಕ ಗ್ಯಾಲಕ್ಸಿಯ ಸೆಳೆತ ದುರ್ಬಲವಾದ್ದರಿಂದ ಸ್ಫೋಟದ ಬಿರುಸಿಗೆ ಆ ಅನಿಲ ಹೊರಗೆ ಹಾರಿಹೋಗುತ್ತದೆ. ದೊಡ್ಡದು ಅದನ್ನು ಹಿಡಿದಿಟ್ಟುಕೊಂಡು ಮುಂದಿನ ತಲೆಮಾರಿನ ನಕ್ಷತ್ರಗಳಿಗೆ ಬಳಸುತ್ತದೆ. ಆದ್ದರಿಂದ ದೊಡ್ಡ ಗ್ಯಾಲಕ್ಸಿಯ ನಕ್ಷತ್ರಗಳಲ್ಲಿ ಲೋಹ ಹೆಚ್ಚು, ಚಿಕ್ಕದರಲ್ಲಿ ಕಡಿಮೆ. ಸಾವಿರಾರು ಗ್ಯಾಲಕ್ಸಿಗಳಲ್ಲಿ ಪರೀಕ್ಷಿಸಿ ನೋಡಿದ ಸಂಬಂಧ ಇದು. ಮೈಮೇಲಿನ ನಕ್ಷತ್ರಗಳನ್ನು ಎಷ್ಟು ಕಿತ್ತುಕೊಂಡರೂ ಉಳಿದ ನಕ್ಷತ್ರಗಳ ಒಳಗಿನ ಕಬ್ಬಿಣವನ್ನು ಯಾರೂ ಕೀಳಲಾರರು. ಗಾತ್ರಕ್ಕೆ ಮೀರಿದ ಲೋಹ ಕಂಡರೆ ಅದು ಹಿಂದೆ ದೊಡ್ಡದಾಗಿತ್ತು ಎಂದೇ ಅರ್ಥ.

ಎಂ32 ಹೀಗೆ ಸಿಕ್ಕಿಬಿದ್ದ ಗ್ಯಾಲಕ್ಸಿ. ಫ್ರಾನ್ಸಿನ ಗಿಯೋಮ್ ಲೆ ಜಾಂಟಿ 1749ರಲ್ಲಿ ಇದನ್ನು ಕಂಡ. ಅದರ ಬೆಳಕಿನ ಅರ್ಧ ಬರುವುದು ನಡುವಿನ ಕೆಲವೇ ನೂರು ಜ್ಯೋತಿರ್ವರ್ಷಗಳಿಂದ. ಲೋಹಾಂಶ ಮಾತ್ರ ಸೂರ್ಯನ ಸಮಸಮಕ್ಕಿದೆ. ನಡುವೆ ಸುಮಾರು 25 ಲಕ್ಷ ಸೂರ್ಯರಷ್ಟು ಕಪ್ಪುರಂಧ್ರವೂ ಇದೆ. ಗೋವಾ ಮೂಲದ ರಿಚರ್ಡ್ ಡಿಸೋಜಾ ಮತ್ತು ಮಿಷಿಗನ್‌ನ ಎರಿಕ್ ಬೆಲ್ 2018ರಲ್ಲಿ ಒಂದು ದಿಟ್ಟ ವಾದ ಮುಂದಿಟ್ಟರು: ಸುಮಾರು 200 ಕೋಟಿ ವರ್ಷಗಳ ಹಿಂದೆ ಆಂಡ್ರೊಮೀಡಾ ಒಂದು ದೊಡ್ಡ ಗ್ಯಾಲಕ್ಸಿಯನ್ನು ನುಂಗಿತು, ನಮ್ಮ ಸ್ಥಳೀಯ ಗುಂಪಿನಲ್ಲಿ ಆಂಡ್ರೊಮೀಡಾ, ಕ್ಷೀರಪಥ ಬಿಟ್ಟರೆ ಅದೇ ಮೂರನೆಯದಾಗಿತ್ತು, ಎಂ32 ಅದರ ಉಳಿದ ತಿರುಳು. ಆಂಡ್ರೊಮೀಡಾದ ಹೊರವಲಯದಲ್ಲಿ ಲೋಹ ಹೆಚ್ಚಿರುವ ನಕ್ಷತ್ರಗಳು ಅಷ್ಟೊಂದು ಏಕಿವೆ ಎಂಬುದಕ್ಕೂ ಇದರಿಂದ ಉತ್ತರ ಸಿಗುತ್ತದೆ. ಅದು ಚೆದುರಿದ ಹುಲ್ಲು. ಎಲ್ಲರೂ ಒಪ್ಪಿಲ್ಲ. ಕಾಳನ್ನೂ ಹುಲ್ಲನ್ನೂ ಒಂದೇ ಕಥೆಯಲ್ಲಿ ಸೇರಿಸಿದ ವಿವರಣೆ ಇದಾದ್ದರಿಂದ ನಾನು ಇದರ ಕಡೆಗೇ ವಾಲುತ್ತೇನೆ.

ಹಾಗಾದರೆ ‘ಬರೀ ನಕ್ಷತ್ರಗುಚ್ಛ’ ಎಂದವರು ತಪ್ಪೇ? ಅಲ್ಲ. ಅವರ ಬಳಿಯೂ ಬಲವಾದ ಉದಾಹರಣೆ ಇದೆ. ಎನ್‌ಜಿಸಿ 7252 ಎಂಬುದು ಎರಡು ಗ್ಯಾಲಕ್ಸಿಗಳು ಡಿಕ್ಕಿಯಾಗಿ ಒಂದಾದ ಅವಶೇಷ. ಅದರಲ್ಲಿ ಡಬ್ಲ್ಯೂ3 ಎಂಬ ಗುಚ್ಛವಿದೆ. ದ್ರವ್ಯ ಸುಮಾರು 8 ಕೋಟಿ ಸೂರ್ಯರಷ್ಟು, ವಯಸ್ಸು 30ರಿಂದ 50 ಕೋಟಿ ವರ್ಷ. ಡಿಕ್ಕಿಯ ರಭಸಕ್ಕೆ ಅನಿಲ ಒತ್ತಿ ಅಲ್ಲೇ ಹುಟ್ಟಿದ್ದು. ಯಾರೂ ಅದನ್ನು ಸುಲಿಯಲಿಲ್ಲ. ಇನ್ನು ಸಾವಿರ ಕೋಟಿ ವರ್ಷ ಕಾದರೆ ಅದರ ನೀಲಿ ನಕ್ಷತ್ರಗಳೆಲ್ಲ ಸತ್ತು, ಅತಿ ಸಾಂದ್ರ ಕುಬ್ಜವೆಂದು ನಾವು ಕರೆಯುವುದಕ್ಕೂ ಅದಕ್ಕೂ ವ್ಯತ್ಯಾಸ ಹುಡುಕುವುದು ಕಷ್ಟವಾಗುತ್ತದೆ. ಮೈಕೆಲ್ ಫೆಲ್‌ಹೌವರ್ ಮತ್ತು ಪಾವೆಲ್ ಕ್ರೌಪಾ ಎಂಬ ವಿಜ್ಞಾನಿಗಳು ಹೀಗೆ ಹುಟ್ಟಿದ ಅನೇಕ ಗುಚ್ಛಗಳು ಒಂದಕ್ಕೊಂದು ಕೂಡಿಕೊಂಡು ದೊಡ್ಡ ಮುದ್ದೆಯಾಗಬಹುದು ಎಂದು 2002ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು.

ಈ ಜಗಳದಲ್ಲಿ ನನ್ನ ತೀರ್ಪು ಇಷ್ಟು. ಒಂದು ಕೋಟಿ ಸೂರ್ಯರಿಗಿಂತ ಭಾರವಾದ ಅತಿ ಸಾಂದ್ರ ಕುಬ್ಜಗಳಲ್ಲಿ ಹೆಚ್ಚಿನವು ಸುಲಿದು ಉಳಿದ ತಿರುಳುಗಳು. ಅದಕ್ಕಿಂತ ಹಗುರವಾದವುಗಳಲ್ಲಿ ಎರಡೂ ಕುಲ ಬೆರೆತಿವೆ, ಗುಚ್ಛಗಳ ಪಾಲು ಹೆಚ್ಚೇ ಇರಬೇಕು. ಆದರೆ ತೂಕ ನೋಡಿ ಯಾವುದೊಂದರ ಮೂಲವನ್ನೂ ನಿರ್ಧರಿಸಬೇಡಿ, ಡಬ್ಲ್ಯೂ3 ನಿಮ್ಮನ್ನು ಏಮಾರಿಸುತ್ತದೆ. ಎಂ60-ಯುಸಿಡಿ1 ಆದ ಮೇಲೆ ಕನ್ಯಾ ಸಮೂಹದಲ್ಲೇ ಇನ್ನೂ ಮೂರರಲ್ಲಿ, ಫೋರ್ನ್ಯಾಕ್ಸ್‌ನ ಒಂದರಲ್ಲಿ ಭಾರಿ ಕಪ್ಪುರಂಧ್ರಗಳು ಸಿಕ್ಕಿವೆ. ಅಂಥ ಸಾಕ್ಷಿಯಿದ್ದರೆ ಮಾತ್ರ ಖಚಿತವಾಗಿ ಹೇಳಬಹುದು.

ಒಕ್ಕಣೆ ನಡೆಯುತ್ತಿರುವಾಗಲೇ ಹಿಡಿದದ್ದೂ ಉಂಟು. ಕೈಶಿಯಾಂಗ್ ವಾಂಗ್, ಎರಿಕ್ ಪೆಂಗ್ ಮತ್ತಿತರರು 2023ರಲ್ಲಿ ಕನ್ಯಾ ಸಮೂಹದ 106 ಗ್ಯಾಲಕ್ಸಿಗಳನ್ನು ಸಾಲಾಗಿ ಇಟ್ಟು ತೋರಿಸಿದರು. ಕೆಲವಕ್ಕೆ ತಿರುಳಿನ ಸುತ್ತ ಇನ್ನೂ ಮಬ್ಬು ನಕ್ಷತ್ರಗಳ ಹೊದಿಕೆ ಇದೆ, ಕೆಲವಕ್ಕೆ ಅದು ಹರಿದು ಬಾಲದಂತೆ ಚಾಚಿದೆ, ಕೆಲವಕ್ಕೆ ಹೊದಿಕೆಯ ಚೂರಷ್ಟೇ ಉಳಿದಿದೆ. ಪೂರ್ತಿ ಗ್ಯಾಲಕ್ಸಿಗೂ ಬರೀ ತಿರುಳಿಗೂ ನಡುವೆ ಇರಲೇಬೇಕಾದ ಹಂತಗಳು ಅಷ್ಟು ವರ್ಷ ಕಾಣೆಯಾಗಿದ್ದವು. ಈ ಒಂದು ಪ್ರಬಂಧದಿಂದ ಆ ಕೊರತೆ ಬಹುಮಟ್ಟಿಗೆ ತುಂಬಿತು.

ಮುಂದೆ ಅವು ಏನಾಗುತ್ತವೆ ಎಂದು ಕೇಳಿದ್ದೀರಿ. ಬಹಳ ಕಾಲ ಏನೂ ಆಗುವುದಿಲ್ಲ. ಅನಿಲ ಇಲ್ಲದ ಮೇಲೆ ಹೊಸ ನಕ್ಷತ್ರ ಹುಟ್ಟುವುದಿಲ್ಲ. ಇರುವವು ಒಂದೊಂದಾಗಿ ಮುದಿಯಾಗುತ್ತ ಗ್ಯಾಲಕ್ಸಿ ನಿಧಾನವಾಗಿ ಮಂಕಾಗುತ್ತದೆ. ಚಿಕ್ಕ ಗೋಳಗುಚ್ಛಗಳಲ್ಲಿ (ಗೋಳಾಕಾರದ ಮುದಿ ನಕ್ಷತ್ರಗುಚ್ಛಗಳಲ್ಲಿ) ನಕ್ಷತ್ರಗಳು ಪರಸ್ಪರ ಎಳೆದಾಡಿ ಕಕ್ಷೆಗಳು ಕಲಸಿಹೋಗುತ್ತವೆ, ಹಗುರವಾದವು ಒಂದೊಂದಾಗಿ ತಪ್ಪಿಸಿಕೊಳ್ಳುತ್ತವೆ. ಅತಿ ಸಾಂದ್ರ ಕುಬ್ಜಗಳಲ್ಲಿ ಹೀಗಾಗಲು ಬೇಕಾದ ಕಾಲ ವಿಶ್ವದ ವಯಸ್ಸಾದ 1,380 ಕೋಟಿ ವರ್ಷಕ್ಕಿಂತಲೂ ಹೆಚ್ಚು. ಗುಚ್ಛಕ್ಕೂ ಗ್ಯಾಲಕ್ಸಿಗೂ ಗೆರೆ ಎಳೆಯಲು ಕೆಲವರು ಇದನ್ನೇ ಬಳಸುತ್ತಾರೆ. ಅಪಾಯ ಬಂದರೆ ಹೊರಗಿನಿಂದಲೇ ಬರಬೇಕು: ದೈತ್ಯ ಗ್ಯಾಲಕ್ಸಿಯ ನಕ್ಷತ್ರ ಮತ್ತು ಕಪ್ಪು ದ್ರವ್ಯದ ನಡುವೆ ಸಾಗುವಾಗ ವೇಗ ಕಳೆದುಕೊಂಡು, ಭಾರವಾದವು ಕಡೆಗೆ ಅದರ ನಡುವಿಗೇ ಇಳಿಯುತ್ತವೆ.

ಎಲ್ಲವೂ ಹಾಗೆ ಮುಳುಗುವುದಿಲ್ಲ. ಇಗೋರ್ ಚಿಲಿಂಗಾರಿಯನ್ ಮತ್ತು ಇವಾನ್ ಜೊಲೊತುಖಿನ್ 2015ರಲ್ಲಿ ಹಳೆಯ ಸಮೀಕ್ಷೆಗಳ ದತ್ತಾಂಶವನ್ನೇ ಜಾಲಾಡಿ 195 ಸಾಂದ್ರ ದೀರ್ಘವೃತ್ತೀಯ ಗ್ಯಾಲಕ್ಸಿಗಳನ್ನು ಪಟ್ಟಿ ಮಾಡಿದರು. ಅವುಗಳಲ್ಲಿ 11 ಯಾವ ದೈತ್ಯನ ಹತ್ತಿರವೂ ಇಲ್ಲದೆ ಒಂಟಿಯಾಗಿದ್ದವು. ಸುಲಿಯುವವರೇ ಇಲ್ಲದ ಕಡೆ ಸುಲಿದ ಗ್ಯಾಲಕ್ಸಿ ಹೇಗೆ ಬಂತು? ಮೂರನೆಯ ಗ್ಯಾಲಕ್ಸಿಯೊಂದು ನಡುವೆ ಬಂದಾಗ ಇವು ಸಮೂಹದಿಂದಲೇ ಎಸೆಯಲ್ಪಟ್ಟವು ಎಂದು ಅವರ ಉತ್ತರ.

ಈಗ ನೀಲಿ ಸಾಂದ್ರ ಕುಬ್ಜಗಳು. ಫ್ರಿಟ್ಜ್ ಜ್ವಿಕಿ ಎಂಬ ಮುಂಗೋಪಿ ಮಹಾಶಯ ಸಾಂದ್ರ ಗ್ಯಾಲಕ್ಸಿಗಳ ದೊಡ್ಡ ಪಟ್ಟಿ ಮಾಡಿದ್ದರು. ಅದರಲ್ಲಿನ ‘ಒಂದು ಜ್ವಿಕಿ 18’ ಈ ಕುಲದ ಅತಿ ಹೆಸರುವಾಸಿ ಸದಸ್ಯ. ನಮ್ಮಿಂದ ಸುಮಾರು 5.9 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ, ಆಮ್ಲಜನಕದ ಅಂಶ ಸೂರ್ಯನಲ್ಲಿರುವುದರ ನಲವತ್ತು-ಐವತ್ತನೇ ಒಂದು ಪಾಲು. ಲೋಹ ಇಷ್ಟು ಕಡಿಮೆ ಇದ್ದದ್ದರಿಂದ ಇದು ಈಚೆಗೆ ಹುಟ್ಟಿದ ಗ್ಯಾಲಕ್ಸಿ ಎಂದು ಒಂದು ಕಾಲಕ್ಕೆ ಸಂಭ್ರಮ ಪಟ್ಟದ್ದುಂಟು. 2007ರಲ್ಲಿ ಹಬಲ್ ದೂರದರ್ಶಕ ಅದರಲ್ಲಿ ನೂರು ಕೋಟಿ ವರ್ಷಕ್ಕೂ ಹಳೆಯ ನಕ್ಷತ್ರಗಳನ್ನು ತೋರಿಸಿ ಆ ಸಂಭ್ರಮಕ್ಕೆ ತಣ್ಣೀರು ಎರಚಿತು. ಇವು ಸುಲಿಗೆಗೆ ಒಳಗಾಗಿಲ್ಲ, ಬಹುಮಟ್ಟಿಗೆ ಸಮೂಹಗಳ ಆಚೆ ತಮ್ಮಷ್ಟಕ್ಕೆ ಇವೆ. ಈಗಿನ ರಭಸದಲ್ಲೇ ನಕ್ಷತ್ರ ಹುಟ್ಟಿಸುತ್ತ ಹೋದರೆ ಕೈಯಲ್ಲಿರುವ ಅನಿಲ ಬೇಗ ಮುಗಿದುಹೋಗುತ್ತದೆ. ಆದ್ದರಿಂದ ಈ ಭರಾಟೆ ಆಗಾಗ ಬಂದುಹೋಗುವಂಥದ್ದಾಗಿರಬೇಕು, ಇಲ್ಲವೇ ಹೊರಗಿನಿಂದ ಅನಿಲ ಬರುತ್ತಿರಬೇಕು. ಇಲ್ಲಿ ನಮ್ಮವರ ಕೆಲಸವೂ ಇದೆ. ಹೊಸಕೋಟೆಯಲ್ಲಿ ಜೋಡಿಸಿದ ಅತಿನೇರಳೆ ದೂರದರ್ಶಕವನ್ನು ಹೊತ್ತು 2015ರಲ್ಲಿ ಹಾರಿದ ಭಾರತದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನಿಂದ, ಅನ್ಶುಮಾನ್ ಬೋರ್ಗೊಹಾಯಿನ್ ಮತ್ತು ಪುಣೆಯ ಖಗೋಳ ಸಂಶೋಧನಾ ಕೇಂದ್ರ ಐಯುಕಾದ ಕನಕ್ ಸಾಹಾ ಅವರ ತಂಡ ಶತಕೋಟಿ ಜ್ಯೋತಿರ್ವರ್ಷಗಳಾಚೆಯ 11 ನೀಲಿ ಸಾಂದ್ರ ಕುಬ್ಜಗಳನ್ನು ನೋಡಿತು. ಕಣ್ಣಿಗೆ ಕಾಣುವ ಅಂಚಿನಿಂದಾಚೆಗೂ ಮಬ್ಬಾದ ಅತಿನೇರಳೆ ಬೆಳಕು ಹರಡಿತ್ತು, ಅಂದರೆ ಅಲ್ಲಿಯೂ ಎಳೆಯ ನಕ್ಷತ್ರಗಳಿವೆ. ಹೊರಗಿನಿಂದ ಅನಿಲ ಸೇರುತ್ತ ಗ್ಯಾಲಕ್ಸಿ ಬೆಳೆಯುತ್ತಿರುವ ಕುರುಹು ಇದು ಎಂದು 2022ರಲ್ಲಿ ಅವರು ಪ್ರಕಟಿಸಿದರು. ಒಂದು ಕುಲ ಕರಗಿ ಸಾಂದ್ರವಾಗಿದ್ದರೆ ಇನ್ನೊಂದು ಕುಲ ಬೆಳೆಯುವ ಮೊದಲು ಸಾಂದ್ರವಾಗಿದೆ.

ಸಾಲಗಾಮೆ ರಸ್ತೆಯ ಡಿಶ್‌ಗಳ ವಿಷಯ ಒಂದೇ ಮಾತಿನಲ್ಲಿ ಮುಗಿಯುತ್ತದೆ. ಅವು ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ನಮ್ಮದೇ ಉಪಗ್ರಹಗಳೊಂದಿಗೆ ಮಾತನಾಡುತ್ತವೆ, ಗ್ಯಾಲಕ್ಸಿಗಳನ್ನು ನೋಡುವುದಿಲ್ಲ.

ನಿಮ್ಮ ಮನೆಯ ತಾರಸಿಯಿಂದ ಮಾತ್ರ ನೋಡಬಹುದು. ಬಹುಶಃ ಇಂಥದೇ ಒಂದು ತಿರುಳು, ಅದೂ ಬರಿಗಣ್ಣಿಗೆ! ಹೆಸರು ಒಮೆಗಾ ಸೆಂಟಾರಿ, ದೂರ ಸುಮಾರು 17,000 ಜ್ಯೋತಿರ್ವರ್ಷ, ಅದರಲ್ಲಿ ಸುಮಾರು ಒಂದು ಕೋಟಿ ನಕ್ಷತ್ರಗಳು. ಹಿಂದಿನವರು ಒಂಟಿ ನಕ್ಷತ್ರವೆಂದು ಎಣಿಸಿದ್ದರು. ಎಡ್ಮಂಡ್ ಹ್ಯಾಲಿ 1677ರಲ್ಲಿ ಸೇಂಟ್ ಹೆಲೆನಾ ದ್ವೀಪದಿಂದ ನೋಡಿ ಅಲ್ಲವೆಂದ. ಲಂಡನ್ನಿನವರಿಗೆ ಅದು ಉದಯಿಸುವುದೇ ಇಲ್ಲ, ನಮಗೆ ದಿಗಂತದಿಂದ 29 ಡಿಗ್ರಿ ಮೇಲೆ ಬರುತ್ತದೆ. ಹುಡುಕುವುದೂ ಸುಲಭ. ಚಿತ್ತಾ ನಕ್ಷತ್ರ ದಕ್ಷಿಣ ದಿಕ್ಕಿನಲ್ಲಿ ಅತಿ ಎತ್ತರಕ್ಕೆ ಬಂದಾಗ ಅದರಿಂದ ನೇರ ಕೆಳಗೆ 36 ಡಿಗ್ರಿ ಇಳಿಯಿರಿ. ಮಸುಕಾದ, ಅಂಚು ಕಲಸಿದ ಚುಕ್ಕೆ ಸಿಗುತ್ತದೆ. 10×50ರ ಬೈನಾಕ್ಯುಲರ್ ಇದ್ದರೆ ಅನುಮಾನವೇ ಉಳಿಯುವುದಿಲ್ಲ. ಏಪ್ರಿಲ್ ನಡುವಿನಲ್ಲಿ ಅದು ಮಧ್ಯರಾತ್ರಿಯ ಹೊತ್ತಿಗೆ, ಮೇ ನಡುವಿನಲ್ಲಿ ರಾತ್ರಿ ಹತ್ತೂಕಾಲರ ಸುಮಾರಿಗೆ ಆ ಜಾಗದಲ್ಲಿರುತ್ತದೆ. ಹೂಮಳೆ ಬಿದ್ದು ಧೂಳು ತೊಳೆದ ಮರುರಾತ್ರಿ ಮೋಡವಿಲ್ಲದಿದ್ದರೆ ಬಿಡಬೇಡಿ. ಚಿತ್ತೆ ಮಳೆಯ ಅಕ್ಟೋಬರಿನಲ್ಲಿ ಹುಡುಕಿ ಪ್ರಯೋಜನವಿಲ್ಲ, ಆಗ ಸೂರ್ಯನೇ ಆ ನಕ್ಷತ್ರದ ಬಳಿ ಇರುತ್ತಾನೆ. ಇದಕ್ಕಾಗಿ ರಾತ್ರಿ ಮುಳ್ಳಯ್ಯನಗಿರಿ ಹತ್ತುವ ಸಾಹಸವೂ ಬೇಡ. ಬೇಲೂರಿನಲ್ಲಿ ದಕ್ಷಿಣದ ಕಡೆ ಬೀದಿದೀಪ ಮರೆಯಾದರೆ ಸಾಕು.

ಪಟ್ಟಿಗಳಲ್ಲಿ ಅದು ಗೋಳಗುಚ್ಛ. ಆದರೆ ನಮ್ಮ ಎರಡು ಸಾಕ್ಷಿಗಳನ್ನು ಕರೆದು ನೋಡಿ. ಸಾಮಾನ್ಯ ಗೋಳಗುಚ್ಛದಲ್ಲಿ ಎಲ್ಲ ನಕ್ಷತ್ರಗಳ ಕಬ್ಬಿಣದ ಅಂಶವೂ ಹೆಚ್ಚುಕಡಿಮೆ ಒಂದೇ. ಇಲ್ಲಿ ಸೂರ್ಯನ ನೂರನೇ ಒಂದಕ್ಕಿಂತ ಕಡಿಮೆ ಇರುವವೂ ಇವೆ, ಸುಮಾರು ಮೂರನೇ ಒಂದರಷ್ಟು ಇರುವವೂ ಇವೆ. ಒಂದರ ನಂತರ ಒಂದು ತಲೆಮಾರು ಅಲ್ಲಿ ಹುಟ್ಟಿದೆ. ಕಪ್ಪುರಂಧ್ರದ ಸಾಕ್ಷಿ 2024ರಲ್ಲಿ ಬಂತು. ಮ್ಯಾಕ್ಸಿಮಿಲಿಯನ್ ಹೇಬರ್ಲೆ ಮತ್ತು ಸಂಗಡಿಗರು ಹಬಲ್ ಎರಡು ದಶಕಗಳಲ್ಲಿ ತೆಗೆದ 500ಕ್ಕೂ ಹೆಚ್ಚು ಚಿತ್ರಗಳಿಂದ 14 ಲಕ್ಷ ನಕ್ಷತ್ರಗಳ ಚಲನೆ ಅಳೆದು, ನಡುವಿನಲ್ಲಿ ಏಳು ನಕ್ಷತ್ರಗಳು ಗುಚ್ಛದ ಹಿಡಿತ ಮೀರುವ ವೇಗದಲ್ಲಿ ಓಡುತ್ತಿರುವುದನ್ನು ಕಂಡರು. ಅವು ಹಾರಿಹೋಗದೆ ಅಲ್ಲೇ ಇರಬೇಕಾದರೆ ಕನಿಷ್ಠ 8,200 ಸೂರ್ಯರಷ್ಟು ಕಪ್ಪುರಂಧ್ರ ಬೇಕು. ಒಂದೇ ಕಪ್ಪುರಂಧ್ರದ ಬದಲು ಸತ್ತ ನಕ್ಷತ್ರಗಳ ಚಿಕ್ಕಚಿಕ್ಕ ಅವಶೇಷಗಳ ದೊಡ್ಡ ಗುಂಪೂ ಇರಬಹುದೆಂಬ ವಾದ ಇನ್ನೂ ನಡೆಯುತ್ತಿದೆ. ಲೋಹಾಂಶದ ಸಾಕ್ಷಿಯಲ್ಲಿ ಅಂಥ ತಕರಾರಿಲ್ಲ.

ಹಾಗಾಗಿ ಪ್ರಾಜೆಕ್ಟ್‌ಗೆ ದೂರದ ಎಂ60-ಯುಸಿಡಿ1ರ ಹಿಂದೆ ಹೋಗಬೇಡಿ, ಒಮೆಗಾ ಸೆಂಟಾರಿಯನ್ನೇ ತೆಗೆದುಕೊಳ್ಳಿ. ನಕ್ಷತ್ರಗಳ ಸ್ಥಾನ, ಚಲನೆ ಅಳೆದ ಯುರೋಪಿನ ಗಯಾ ಉಪಗ್ರಹದ ಮೂರನೆಯ ದತ್ತಾಂಶ 2022ರ ಜೂನ್‌ನಿಂದ ಎಲ್ಲರಿಗೂ ಉಚಿತ; ಟಾಪ್‌ಕ್ಯಾಟ್ ಎಂಬ ತಂತ್ರಾಂಶವೂ ಉಚಿತ, ಸಾಧಾರಣ ಲ್ಯಾಪ್‌ಟಾಪ್ ಸಾಕು. ಆ ಜಾಗದ ಸುತ್ತ ಅರ್ಧ ಡಿಗ್ರಿ ತ್ರಿಜ್ಯದ ನಕ್ಷತ್ರಗಳನ್ನೆಲ್ಲ ಇಳಿಸಿಕೊಳ್ಳಿ. ಅವುಗಳಲ್ಲಿ ಅಡ್ಡ ಬಂದಿರುವ ಕ್ಷೀರಪಥದ ನಕ್ಷತ್ರಗಳೂ ಇರುತ್ತವೆ, ಅವನ್ನು ಚಲನೆಯಿಂದ ಬೇರ್ಪಡಿಸಬೇಕು: ಒಮೆಗಾ ಸೆಂಟಾರಿಯ ಸದಸ್ಯರು ವರ್ಷಕ್ಕೆ ವಿಷುವದಂಶದ (ಆಕಾಶದ ಪೂರ್ವ-ಪಶ್ಚಿಮ) ದಿಕ್ಕಿನಲ್ಲಿ ಸುಮಾರು −3.2, ಘಂಟಾವೃತ್ತಾಂಶದ (ಉತ್ತರ-ದಕ್ಷಿಣ) ದಿಕ್ಕಿನಲ್ಲಿ ಸುಮಾರು −6.7 ಮಿಲಿಆರ್ಕ್‌ಸೆಕೆಂಡ್ ಸರಿಯುತ್ತಾರೆ. ಚಲನೆಯ ನಕ್ಷೆ ಬಿಡಿಸಿದರೆ ಆ ಬಿಂದುವಿನ ಸುತ್ತ ದಟ್ಟ ಮುದ್ದೆ ಕಾಣುತ್ತದೆ. ಅದನ್ನಷ್ಟೇ ಆರಿಸಿಕೊಂಡು ಬಣ್ಣ ಮತ್ತು ಕಾಂತಿಯ ನಕ್ಷೆ ಹಾಕಿ. ತೀರ ನಡುಭಾಗದ ನಕ್ಷತ್ರಗಳನ್ನು ಬಿಟ್ಟುಬಿಡಿ, ಇಕ್ಕಟ್ಟಿನಲ್ಲಿ ಅಕ್ಕಪಕ್ಕದವರ ಬೆಳಕು ಬೆರೆತು ಬಣ್ಣದ ಅಳತೆ ಕೆಡುತ್ತದೆ. ಸಾಮಾನ್ಯ ಗೋಳಗುಚ್ಛವಾದರೆ ಕೆಂಪು ದೈತ್ಯ ನಕ್ಷತ್ರಗಳು ತೆಳ್ಳಗಿನ ಒಂದೇ ಗೆರೆಯಲ್ಲಿ ನಿಲ್ಲುತ್ತವೆ. ಇಲ್ಲಿ ಅವು ಅಗಲವಾಗಿ ಹರಡಿ, ಹೆಚ್ಚು ಕೆಂಪಾದ ಬದಿಯಲ್ಲಿ ಲೋಹ ಹೆಚ್ಚಿರುವ ನಕ್ಷತ್ರಗಳ ಪ್ರತ್ಯೇಕ ಕವಲೊಂದು ಕಾಣಬೇಕು. ಪಕ್ಕದಲ್ಲಿ ಹೋಲಿಕೆಗೆ ಎಂ4 ಎಂಬ ಗುಚ್ಛದ ನಕ್ಷೆಯನ್ನೂ ಹಾಕಿ, ಆದರೆ ಅದರ ಮುಂದೆ ಅಂತರತಾರಾ ಧೂಳು ಎಲ್ಲ ಕಡೆ ಒಂದೇ ಸಮನಾಗಿಲ್ಲ. ಆ ತಿದ್ದುಪಡಿ ಮಾಡದಿದ್ದರೆ ಒಂದೇ ಗೆರೆಯೂ ದಪ್ಪವಾಗಿ ಕಾಣುತ್ತದೆ.